ಸಲ್ಲೇಖನವೂ ಸಹಗಮನವೂ: ಹಾಸನ ಸೀಮೆಯ ಕಲ್ಲುಗಳ ಸಾಕ್ಷ್ಯ

ಹಾಸನಕ್ಕೆ ಸಮೀಪದ ಕೊರವಂಗಲದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿರುವ ಒಂದು ಹೊಯ್ಸಳ ದೇಗುಲವಿದೆ. ಪಶ್ಚಿಮದ ಗುಡಿ ಶಿವನದು, ಪೂರ್ವದ ಗುಡಿ ಸೂರ್ಯನದು. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿ ಎಂಬ ಅಧಿಕಾರಿ ಇದನ್ನು ಕಟ್ಟಿಸಿದನು. ಅವನ ಸೋದರರಾದ ಗೋವಿಂದ ಮತ್ತು ನಾಕರ ಹೆಸರಿನ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಅಲ್ಲಿಯೇ ಸಮೀಪದಲ್ಲಿ ಶಿಥಿಲವಾಗಿವೆ. ಅದೇ 1173ರಲ್ಲಿ, ಅದೇ ಬಲ್ಲಾಳನ ಮಂತ್ರಿಯಾದ ಬೂಚಿಮಯ್ಯನು ಹಾಸನ ಸೀಮೆಯದೇ ಆದ ಮರ್ಕುಲಿಯಲ್ಲಿ ಬಸದಿಯನ್ನು ನಿರ್ಮಿಸಿದನು. ಆದಿನಾಥಸ್ವಾಮಿಯ ಬಿಂಬವೂ ಹದಿನಾರು ಕೈಗಳ ಚಕ್ರೇಶ್ವರಿಯ ಮೂರ್ತಿಯೂ ಇರುವ ಆ ಬಸದಿಯನ್ನು ನೋಡದ ಜೈನ ಕುಟುಂಬಗಳು ಇಂದಿಗೂ ಬಹಳವಾಗಿರುವುದು ಖೇದದ ಸಂಗತಿ. ಹೆಸರುಗಳ ಸಾಮ್ಯವನ್ನು ಬದಿಗಿಟ್ಟರೂ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಬ್ಬ ದೊರೆಯ ಪಟ್ಟಾಭಿಷೇಕದ ಸಂಭ್ರಮವನ್ನು ಒಂದೇ ಸೀಮೆಯಲ್ಲಿ ಒಂದು ಶಿವಾಲಯವೂ ಒಂದು ಜಿನಾಲಯವೂ ಸಮನಾಗಿ ಹಂಚಿಕೊಂಡ ಕಾಲ ಅದು.

ಒಂದೇ ಮನೆಯಲ್ಲಿಯೂ ಹೀಗಿತ್ತು. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವನು, ತಾಯಿ ಮಾಚಿಕಬ್ಬೆ ಜಿನಭಕ್ತೆ. ಇಂಥ ಸಮಾಜದಲ್ಲಿ ಶ್ರಾವಕನೋ ಶ್ರಾವಕಿಯೋ ಅಂತ್ಯಕಾಲದಲ್ಲಿ ಸನ್ಯಸನ ವಿಧಿಯನ್ನು ಕೈಕೊಂಡರೆ ಅದನ್ನು ಕಾಣುತ್ತಿದ್ದವರು ಸ್ವಧರ್ಮೀಯರು ಮಾತ್ರವಲ್ಲ. ಅನ್ಯಮತದ ಬಂಧುಗಳು, ನೆರೆಹೊರೆಯವರು, ಅರಮನೆಯ ಅಧಿಕಾರಿಗಳು, ಎಲ್ಲರ ಕಣ್ಣೆದುರಿಗೆ ಅದು ನಡೆಯುತ್ತಿತ್ತು. ನಡೆದುದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. 1889ರಲ್ಲಿ ರೈಸ್ ಅವರು ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಸಂಪುಟದಲ್ಲಿ ಅವು 573 ಆದವು. ಇವುಗಳಲ್ಲಿ ಚಂದ್ರಗಿರಿಯ ಪ್ರಾಚೀನ ಶಾಸನಗಳ ಬಹುಭಾಗವು ಸಮಾಧಿಮರಣಕ್ಕೆ ಸಂಬಂಧಿಸಿದವು. ಷ. ಶೆಟ್ಟರ್ ಅವರು ಇವನ್ನೇ ಆಧಾರವಾಗಿ ಇಟ್ಟುಕೊಂಡು ಸಾವನ್ನು ಕುರಿತ ಎರಡು ಗ್ರಂಥಗಳನ್ನು ಬರೆದರು. ಜಗತ್ತಿನಲ್ಲಿ ಒಂದು ಧಾರ್ಮಿಕ ವ್ರತದ ದಾಖಲೆ ಒಂದೇ ಬೆಟ್ಟದ ಮೇಲೆ ಇಷ್ಟು ಶತಮಾನಗಳ ಕಾಲ ಎಡೆಬಿಡದೆ ಉಳಿದುಬಂದಿರುವುದು ಅಪೂರ್ವವೇ ಸರಿ.

ಈ ಹಳೆಯ ಕಲ್ಲುಗಳನ್ನು ಮತ್ತೆ ಓದುವ ಅಗತ್ಯ ಒದಗಿದ್ದು ದೂರದ ರಾಜಸ್ಥಾನದ ಒಂದು ಮೊಕದ್ದಮೆಯಿಂದ. ಶ್ವೇತಾಂಬರ ಸಂಪ್ರದಾಯದಲ್ಲಿ ಸಂಥಾರಾ ಎಂದು ಕರೆಯುವ ಈ ವ್ರತವನ್ನು ಆತ್ಮಹತ್ಯೆಯೆಂದು ಘೋಷಿಸಬೇಕೆಂದು 2006ರಲ್ಲಿ ಜಯಪುರದ ವಕೀಲರೊಬ್ಬರು ಅಲ್ಲಿನ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿದರು. 2015ರ ಆಗಸ್ಟ್ 10ರಂದು ನ್ಯಾಯಾಲಯವು ಅರ್ಜಿಯನ್ನು ಮನ್ನಿಸಿ, ಈ ಆಚರಣೆಯನ್ನು ಯಾವುದೇ ರೂಪದಲ್ಲಿಯೂ ನಿಲ್ಲಿಸಬೇಕೆಂದೂ ದೂರು ಬಂದಲ್ಲಿ ಭಾರತೀಯ ದಂಡಸಂಹಿತೆಯ 309ನೆಯ ಅಥವಾ 306ನೆಯ ಪ್ರಕರಣದಂತೆ ದಾಖಲಿಸಬೇಕೆಂದೂ ಸರ್ಕಾರಕ್ಕೆ ಆದೇಶಿಸಿತು. 309 ಎಂದರೆ ಆತ್ಮಹತ್ಯೆಯ ಪ್ರಯತ್ನ, 306 ಎಂದರೆ ಆತ್ಮಹತ್ಯೆಗೆ ಪ್ರಚೋದನೆ. ವ್ರತ ಹಿಡಿದವರು ಒಂದು ಕಲಮಿನಡಿ, ಶುಶ್ರೂಷೆ ಮಾಡಿದ ಮಕ್ಕಳೂ ಉಪದೇಶಿಸಿದ ಗುರುಗಳೂ ಇನ್ನೊಂದು ಕಲಮಿನಡಿ ಅಪರಾಧಿಗಳಾಗುವ ಸ್ಥಿತಿ ಉಂಟಾಯಿತು. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಸಮಾಜವು ನಿಟ್ಟುಸಿರು ಬಿಟ್ಟಿತು, ಸಿಹಿ ಹಂಚಿದವರೂ ಉಂಟು. ಆದರೆ ತಡೆಯಾಜ್ಞೆ ಎಂಬುದು ತೀರ್ಪಲ್ಲ. ಎತ್ತಿದ ಪ್ರಶ್ನೆಗೆ ಜೈನರು ತಮ್ಮ ಮನೆಯೊಳಗಾದರೂ ಉತ್ತರ ಕಂಡುಕೊಂಡಿದ್ದಾರೆಯೇ ಎಂಬುದು ಬೇರೆಯೇ ಮಾತು.

ಆ ವಿವಾದದಲ್ಲಿ ಶ್ರದ್ಧಾವಂತರನ್ನು ಅತ್ಯಂತ ನೋಯಿಸಿದ್ದು ಸತೀಪದ್ಧತಿಯೊಡನೆ ಮಾಡಿದ ಹೋಲಿಕೆ. ರಾಜಸ್ಥಾನದಲ್ಲಿ ಈ ಹೋಲಿಕೆ ಹುಟ್ಟಿದ್ದಕ್ಕೆ ಕಾರಣವಿಲ್ಲದೆ ಇಲ್ಲ. 1987ರ ಸೆಪ್ಟೆಂಬರಿನಲ್ಲಿ ಅಲ್ಲಿನ ದೇವರಾಲಾ ಎಂಬ ಹಳ್ಳಿಯಲ್ಲಿ ಯುವ ವಿಧವೆಯೊಬ್ಬಳು ಪತಿಯ ಚಿತೆಯಲ್ಲಿ ಸುಟ್ಟುಹೋದಳು. ಸಾವಿರಾರು ಜನ ಸೇರಿ ಅದನ್ನು ವೈಭವೀಕರಿಸಿದರು. ಅದರ ಫಲವಾಗಿ ಸತಿ ನಿಷೇಧದ ಕೇಂದ್ರ ಶಾಸನವೇ ಬಂದಿತು. ಧರ್ಮದ ಹೆಸರಿನಲ್ಲಿ ಸಾಯುವುದನ್ನು ಜನಸಮೂಹ ಕೊಂಡಾಡುವುದನ್ನು ಕಂಡ ನಾಡಿನ ನ್ಯಾಯವಾದಿಗೆ ಉಪವಾಸದ ಮರಣವೂ ಅದರ ಸೋದರಿಯಂತೆ ತೋರಿದರೆ ಅವನನ್ನು ಧರ್ಮದ್ರೋಹಿ ಎನ್ನುವುದರಿಂದ ಪ್ರಯೋಜನವಿಲ್ಲ. ಎರಡೂ ಒಂದೇ ಅಲ್ಲವೆಂದು ತೋರಿಸಿಕೊಡುವ ಹೊಣೆ ವ್ರತವನ್ನು ನಂಬಿದವರದು. ಅದಕ್ಕೆ ಬೇಕಾದ ಸಾಕ್ಷ್ಯ ಹಾಸನ ಸೀಮೆಯ ಹೊಲಗದ್ದೆಗಳಲ್ಲಿಯೇ ನಿಂತಿದೆ.

ಹೊಯ್ಸಳರ ನಾಡು ಇಚ್ಛಾಮರಣದ ಹಲವು ರೂಪಗಳನ್ನು ಕಂಡಿತ್ತು. ಪತಿಯೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನಿಲ್ಲಿಸುತ್ತಿದ್ದರು. ಕಂಬದಿಂದ ಹೊರಚಾಚಿದ ಬಳೆತೊಟ್ಟ ಕೈ ಅದರ ಗುರುತು. ಒಡೆಯನು ಮಡಿದಾಗ ತಾನೂ ಪ್ರಾಣ ಬಿಡುವೆನೆಂದು ಮಾತುಕೊಟ್ಟ ಅಂಗರಕ್ಷಕರನ್ನು ಗರುಡರೆಂದು ಕರೆಯುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಸ್ತಂಭವೊಂದು ಕುವರ ಲಕ್ಷ್ಮನೆಂಬ ಅಂಥ ವೀರನದು. ಕೊರವಂಗಲದಲ್ಲಿ ಯಾರ ಪಟ್ಟಾಭಿಷೇಕಕ್ಕೆ ಗುಡಿ ಕಟ್ಟಿದರೋ ಅದೇ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಲಕ್ಷ್ಮನು ಮಡದಿಯೊಡನೆಯೂ ತನ್ನ ಭಟರೊಡನೆಯೂ ಪ್ರಾಣಾರ್ಪಣೆ ಮಾಡಿದನು. ಆ ಸ್ತಂಭದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಕೆತ್ತಿದ್ದಾರೆ. ನೋಡಿದವರ ಮೈ ಜುಮ್ಮೆನ್ನುತ್ತದೆ.

ಇನ್ನು ನಿಷಿಧಿಯನ್ನು ನೋಡಬೇಕು. ಅಲ್ಲಿ ಕತ್ತಿಯಿಲ್ಲ, ಚಿತೆಯಿಲ್ಲ. ಗುರುವೊಬ್ಬರು ಕುಳಿತಿದ್ದಾರೆ, ಎದುರಿಗೆ ವ್ರತಧಾರಿ ಕೈಮುಗಿದು ಕುಳಿತಿದ್ದಾನೆ, ನಡುವೆ ಗ್ರಂಥವಿಡುವ ಠವಣೆಕೋಲು. ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬ. ಪಾಠಶಾಲೆಯ ಚಿತ್ರವೆಂದರೂ ನಂಬಬಹುದಾದಷ್ಟು ಶಾಂತವಾದ ದೃಶ್ಯ. ಅದೇ ಕಾಲದ, ಅದೇ ನಾಡಿನ ರೂವಾರಿಗಳು ಮೂರು ಬಗೆಯ ಮರಣಕ್ಕೆ ಮೂರು ಬಗೆಯ ಕಲ್ಲುಗಳನ್ನು ಕಡೆದರು. ಕಲ್ಲುಕುಟಿಗನಿಗೆ ಧರ್ಮಶಾಸ್ತ್ರದ ಸೂಕ್ಷ್ಮಗಳು ತಿಳಿದಿರಬೇಕಾಗಿಲ್ಲ. ಆದರೆ ಮೂರನ್ನೂ ಕಣ್ಣಾರೆ ಕಂಡ ಸಮಾಜವು ಅವನ್ನು ಒಂದೆಂದು ಭಾವಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ಕಲ್ಲಿನ ಮಾತು ಹೀಗಾದರೆ ಗ್ರಂಥದ ಮಾತು ಇನ್ನೂ ನಿಖರವಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಸಲ್ಲೇಖನದ ಸಮರ್ಥನೆಗಾಗಿ ಎಲ್ಲರೂ ತೆರೆಯುತ್ತಾರೆ. ಆದರೆ ಅದರ ಆರಂಭದ ಭಾಗದಲ್ಲಿ, ಸಮ್ಯಗ್ದರ್ಶನಕ್ಕೆ ಕಂಟಕವಾದ ಮೂಢತೆಗಳನ್ನು ಹೇಳುವಲ್ಲಿ, ಆಚಾರ್ಯರು ಪುಣ್ಯವೆಂದು ಬಗೆದು ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಬೀಳುವುದನ್ನೂ ಲೋಕಮೂಢತೆಯೆಂದು ನಿರ್ಣಯಿಸಿದ್ದಾರೆ. ಅಗ್ನಿಪ್ರವೇಶವನ್ನು ಮೌಢ್ಯವೆಂದ ಲೇಖನಿಯೇ ಮುಂದೆ ಸಲ್ಲೇಖನದ ವಿಧಿಯನ್ನು ಬರೆಯಿತು. 1829ರಲ್ಲಿ ಬ್ರಿಟಿಷ್ ಆಡಳಿತವು ಸಹಗಮನವನ್ನು ನಿಷೇಧಿಸುವುದಕ್ಕೆ ಅನೇಕ ಶತಮಾನಗಳ ಮೊದಲೇ ಜೈನ ಆಚಾರಗ್ರಂಥವೊಂದು ಅದರ ತತ್ತ್ವವನ್ನು ತಿರಸ್ಕರಿಸಿತ್ತು. 2015ರ ಮೆರವಣಿಗೆಗಳಲ್ಲಿ ಎತ್ತಿಹಿಡಿದ ಫಲಕಗಳಿಗಿಂತ ಈ ಒಂದು ಶ್ಲೋಕದ ತಾತ್ಪರ್ಯವು ಹೆಚ್ಚು ತೂಕದ್ದಾಗಿತ್ತು.

ಸಲ್ಲೇಖನಕ್ಕೆ ಆಚಾರ್ಯರು ಹೇಳಿದ ಸಂದರ್ಭಗಳು ನಾಲ್ಕೇ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅವು ಪರಿಹಾರವಿಲ್ಲದವುಗಳಾಗಿರಬೇಕೆಂಬ ಕಟ್ಟು ಬೇರೆ. ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು, ಸ್ವಜನ ಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆ ಬೇಡಿ, ಮಾಡಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಿದ ಮೇಲೆ ಆಹಾರದ ಮಾತು ಬರುತ್ತದೆ. ಅದರಲ್ಲೂ ಅನ್ನದಿಂದ ಹಾಲಿಗೆ, ಹಾಲಿನಿಂದ ತೆಳುವಾದ ಪಾನಕ್ಕೆ, ಅಲ್ಲಿಂದ ನೀರಿಗೆ, ಕೊನೆಯಲ್ಲಿ ಉಪವಾಸಕ್ಕೆ ಎಂಬ ಕ್ರಮವಿದೆ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು ದೋಷ. ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ಮಿತ್ರರ ಮೇಲಿನ ಅನುರಾಗ, ಅನುಭವಿಸಿದ ಸುಖದ ಸ್ಮರಣೆ, ಮುಂದಿನ ಭೋಗದ ನಿದಾನ, ಇವು ಉಳಿದವು. ಆತ್ಮಹತ್ಯೆ ಮಾಡಿಕೊಳ್ಳುವವನ ಮನಸ್ಸಿನಲ್ಲಿ ಪ್ರಧಾನವಾಗಿರುವುದು ಮರಣದ ಆಸೆ. ಸಲ್ಲೇಖನದಲ್ಲಿ ಆ ಆಸೆ ಮೂಡಿದೊಡನೆ ವ್ರತವೇ ಮಲಿನವಾಗುತ್ತದೆ.

ಇದು ಆತ್ಮವಧೆಯಲ್ಲವೇ ಎಂಬ ಆಕ್ಷೇಪವು ಇಂದಿನದಲ್ಲ. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ತಾವೇ ಎತ್ತಿಕೊಂಡು ವರ್ತಕನೊಬ್ಬನ ದೃಷ್ಟಾಂತ ಕೊಡುತ್ತಾರೆ. ಸರಕು ತುಂಬಿದ ಮನೆಗೆ ಬೆಂಕಿ ತಗುಲಿದರೆ ಅವನು ಮೊದಲು ಮನೆಯನ್ನೇ ಉಳಿಸಲು ಹೆಣಗುತ್ತಾನೆ. ಅದು ಸಾಧ್ಯವಿಲ್ಲವೆಂದು ಖಚಿತವಾದಾಗ ಒಳಗಿನ ಬೆಲೆಬಾಳುವ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ವ್ರತಶೀಲಗಳೇ ಆ ಸರಕು, ದೇಹವೇ ಮನೆ. ಮನೆಯನ್ನು ಉಳಿಸುವ ಪ್ರಯತ್ನ ಮೊದಲು ಎಂಬ ಅಂಶವನ್ನು ಉಪನ್ಯಾಸಕಾರರು ಬಹುಮಟ್ಟಿಗೆ ಮರೆತು, ಸರಕಿನ ಮಾತನ್ನಷ್ಟೇ ಹೇಳಿ ಮುಗಿಸುವುದುಂಟು.

ಆಧುನಿಕ ನ್ಯಾಯಶಾಸ್ತ್ರದ ಭಾಷೆಯಲ್ಲಿ ಇದನ್ನು ಮಂಡಿಸಿದವರು ಕನ್ನಡಿಗರಾದ ನ್ಯಾಯಮೂರ್ತಿ ಟಿ. ಕೆ. ತುಕೋಳ್ ಅವರು. ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದ ಅವರು, ಸಲ್ಲೇಖನವು ಆತ್ಮಹತ್ಯೆಯಲ್ಲ ಎಂಬುದನ್ನೇ ಶೀರ್ಷಿಕೆಯಾಗುಳ್ಳ ಇಂಗ್ಲಿಷ್ ಗ್ರಂಥವನ್ನು 1976ರಲ್ಲಿ ಅಹಮದಾಬಾದಿನ ಎಲ್. ಡಿ. ಸಂಸ್ಥೆಯ ಮೂಲಕ ಪ್ರಕಟಿಸಿದರು. ಉದ್ದೇಶ, ಸನ್ನಿವೇಶ, ಸಾಧನ, ಪರಿಣಾಮ, ಈ ನಾಲ್ಕರಲ್ಲಿಯೂ ಎರಡು ಮರಣಗಳು ಭಿನ್ನವೆಂಬುದು ಅವರ ವಾದ. ಸಂಪ್ರದಾಯವಾದಿಯಾದವನು ಆವೇಶಗೊಳ್ಳದೆ ಹೇಗೆ ವಾದಿಸಬಹುದೆಂಬುದಕ್ಕೆ ಆ ಪುಸ್ತಕ ಇಂದಿಗೂ ಮಾದರಿಯಾಗಿದೆ. ಅವರ ಕಣ್ಣಮುಂದೆ ನಿಕಟ ಕಾಲದ ಉದಾಹರಣೆಯೂ ಇತ್ತು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು ಕಣ್ಣು ಮಂಜಾಗಿ, ನೆಲದ ಜೀವಗಳನ್ನು ಕಂಡು ನಡೆಯುವ ಮುನಿಧರ್ಮ ಸಾಧ್ಯವಾಗದೆ ಹೋದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ ಸೆಪ್ಟೆಂಬರ್ 18ರಂದು ದೇಹ ಬಿಟ್ಟರು.

ರಾಜಸ್ಥಾನದ ತೀರ್ಪಿನ ಒಂದು ತರ್ಕವಂತೂ ವಿಚಿತ್ರವಾದ ಇಕ್ಕಟ್ಟನ್ನು ಉಂಟುಮಾಡುತ್ತದೆ. ಮೋಕ್ಷಕ್ಕೆ ಸಲ್ಲೇಖನವು ಅನಿವಾರ್ಯವೆಂದು ಯಾವ ಶಾಸ್ತ್ರದಲ್ಲಿಯೂ ಕಾಣುವುದಿಲ್ಲ, ಆದುದರಿಂದ ಅದು ಧರ್ಮದ ಅತ್ಯಗತ್ಯ ಅಂಗವಲ್ಲ, ಸಂವಿಧಾನದ ರಕ್ಷಣೆ ಅದಕ್ಕಿಲ್ಲ ಎಂದು ನ್ಯಾಯಾಲಯವು ಹೇಳಿತು. ಶಾಸ್ತ್ರವು ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿಲ್ಲವೆಂಬುದು ನಿಜ. ಪ್ರೀತಿಪೂರ್ವಕವಾಗಿ ಸೇವಿಸತಕ್ಕದ್ದು ಎಂದೇ ಸೂತ್ರ. ಒಂದು ವೇಳೆ ಕಡ್ಡಾಯವಾಗಿದ್ದರೆ, ಬಲವಂತದ ಮರಣವೆಂದು ಅದೇ ನ್ಯಾಯಾಲಯ ನಿಷೇಧಿಸಬೇಕಾಗುತ್ತಿತ್ತು, ಅದು ನ್ಯಾಯವೂ ಆಗಿರುತ್ತಿತ್ತು. ಕಡ್ಡಾಯವಲ್ಲದ ಕಾರಣ ರಕ್ಷಣೆಯಿಲ್ಲ, ಕಡ್ಡಾಯವಾದರೆ ಅಪರಾಧ ಎಂದಾದರೆ ಸ್ವೇಚ್ಛೆಯ ವ್ರತಕ್ಕೆ ನಿಲ್ಲಲು ನೆಲವೇ ಇಲ್ಲದಂತಾಯಿತು.

ಹಾಗೆಂದು ಇನ್ನೊಂದು ಆಶ್ರಯಕ್ಕೆ ಓಡುವುದೂ ಉಚಿತವಲ್ಲ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಗುಣವಾಗದ ರೋಗಿಗೆ ಕೃತಕ ಜೀವಾಧಾರವನ್ನು ನಿರಾಕರಿಸುವ ಹಕ್ಕಿದೆಯೆಂದು ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕು ಎಂಬ ಈ ಮಾತನ್ನು ಹಿಡಿದು ಸಲ್ಲೇಖನವನ್ನು ಸಮರ್ಥಿಸಲು ಅನೇಕರು ಉತ್ಸುಕರಾಗಿದ್ದಾರೆ. ಆದರೆ ಸಾಯುವ ಹಕ್ಕು ಎಂಬುದು ಜಿನಾಗಮದ ಭಾಷೆಯಲ್ಲ. ದೇಹವು ತನ್ನದು, ಅದನ್ನು ಬೇಕೆಂದಾಗ ಬಿಸುಡುವೆನು ಎಂಬಲ್ಲಿ ಮಮಕಾರವೂ ಇದೆ, ಮರಣದ ಆಸೆಯೂ ಇದೆ. ವೈದ್ಯಶಾಲೆಯ ಯಂತ್ರದಿಂದ ಬಿಡುಗಡೆ ಬೇಡುವ ರೋಗಿಯ ವಿಷಯದಲ್ಲಿ ಕರುಣೆ ತೋರುವುದು ಸರಿ. ಅದೇ ವ್ರತವೆಂದು ಹೇಳುವುದು ಸರಿಯಲ್ಲ. ಭಗವತೀ ಆರಾಧನೆಯು ಮರಣದ ಹದಿನೇಳು ಬಗೆಗಳನ್ನು ಎಣಿಸಿ ಪಂಡಿತಮರಣವನ್ನೂ ಬಾಲಮರಣವನ್ನೂ ಬೇರೆ ಬೇರೆ ಇರಿಸಿದ್ದು ಇಂಥ ಬೆರಕೆಯನ್ನು ತಪ್ಪಿಸಲೆಂದೇ ಎನ್ನಬಹುದು.

ಶಾಸನಗಳನ್ನು ಸಾಕ್ಷಿಗೆ ಕರೆದ ಮೇಲೆ, ಅವು ಹೇಳುವ ಕಷ್ಟದ ಮಾತನ್ನೂ ಕೇಳಬೇಕಾಗುತ್ತದೆ. ಬಹುಪಾಲು ಶಾಸನಗಳು ನಿಯಮಕ್ಕೆ ಒಪ್ಪುತ್ತವೆ. ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ವರ್ಷ ಕಳೆದ ಮೇಲೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು 974ರಲ್ಲಿ ಮುಡಿಪಿದನೆಂದು ಚಂದ್ರಗಿರಿಯ ಬ್ರಹ್ಮದೇವ ಸ್ತಂಭದ ಶಾಸನ ತಿಳಿಸುತ್ತದೆ. ರಾಷ್ಟ್ರಕೂಟ ವಂಶದ ಕೊನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ದೇಹ ಬಿಟ್ಟನು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಮಡದಿ ಲಕ್ಕಲೆಯ ಸಮಾಧಿಮರಣದ ನೆನಪಿಗೆ ನಿಷಿಧಿ ಮಾಡಿಸಿದನು. ಆದರೆ ಮಾಚಿಕಬ್ಬೆಯ ಪ್ರಸಂಗ ಭಿನ್ನವಾಗಿದೆ. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು. ಬೆಟ್ಟದಿಂದ ಹಾರಿದಳೆಂಬ ಜನಜನಿತ ಕಥೆಗೆ ಶಾಸನದಲ್ಲಿ ಆಧಾರವಿಲ್ಲ. ಮಗಳ ಅಗಲಿಕೆಯ ಬಳಿಕ ತಾಯಿ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಟ್ಟು, ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳ ಸಮ್ಮುಖದಲ್ಲಿ ಸನ್ಯಸನವನ್ನು ಕೈಕೊಂಡು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ ಒಂದು ತಿಂಗಳ ಉಪವಾಸದಿಂದ ಮುಡಿಪಿದಳು. ಶಾಸನವು ಇದನ್ನು ಅತ್ಯಂತ ಗೌರವದಿಂದ ಬಣ್ಣಿಸುತ್ತದೆ. ಆದರೂ ಓದುಗನ ಮನಸ್ಸಿನಲ್ಲಿ ಪ್ರಶ್ನೆ ಏಳದೆ ಇರದು. ಅಲ್ಲಿ ನಡೆಸಿದ್ದು ವೈರಾಗ್ಯವೋ, ಪುತ್ರೀಶೋಕವೋ? ಶೋಕವೇ ಆದರೆ ಅದು ಮಿತ್ರಾನುರಾಗದ ದೋಷಕ್ಕೆ ಒಳಗಾಗುವುದಿಲ್ಲವೇ? ಒಂದು ತಿಂಗಳ ಕಾಲ ಗುರುಗಳ ಕಣ್ಣಳತೆಯಲ್ಲಿ ನಡೆದ ವ್ರತದಲ್ಲಿ ಶೋಕವು ಕರಗಿ ಶಾಂತಿಯಾಗಿ ಪರಿಣಮಿಸಿರಬಹುದು. ಪ್ರಾಯಶಃ ಹಾಗೆಯೇ ಆಯಿತು. ಆದರೆ ಆ ಭರವಸೆ ನಿಂತಿರುವುದು ಎದುರಿಗೆ ಕುಳಿತ ಗುರುಗಳ ವಿವೇಕದ ಮೇಲೆ. ಅವರು ಇಲ್ಲದಿದ್ದರೆ ಮಾಚಿಕಬ್ಬೆಯದು ದುಃಖಿತಳಾದ ತಾಯಿಯೊಬ್ಬಳ ಉಪವಾಸವಷ್ಟೇ ಆಗುತ್ತಿತ್ತು.

ಆದ್ದರಿಂದ ಸಲ್ಲೇಖನವನ್ನು ಹೊರಗಿನವರಿಂದ ಕಾಪಾಡುವ ಉತ್ಸಾಹದಲ್ಲಿ ಒಳಗಿನ ಶಿಥಿಲತೆಯನ್ನು ಮುಚ್ಚಿಡುವುದು ಸಂಪ್ರದಾಯನಿಷ್ಠೆಯಾಗದು. 2025ರಲ್ಲಿ ಉತ್ತರದ ರಾಜ್ಯವೊಂದರಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಪುಟ್ಟ ಮಗುವಿಗೆ ಸಂಥಾರಾ ನೀಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮರಣೋತ್ತರವಾಗಿ ದಾಖಲೆಯ ಪ್ರಮಾಣಪತ್ರವೂ ದೊರೆಯಿತೆಂದು ವರದಿಯಾಯಿತು. ಮಗುವನ್ನು ಕಳೆದುಕೊಂಡ ತಂದೆತಾಯಿಯರ ಸಂಕಟವನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಅಂತ್ಯಕಾಲದಲ್ಲಿ ಮಗುವಿನ ಕಿವಿಯಲ್ಲಿ ಣಮೋಕಾರ ಮಂತ್ರವನ್ನು ಹೇಳುವುದು ಧರ್ಮವೇ. ಆದರೆ ಆಲೋಚನೆ, ಕ್ಷಮಾಪಣೆ, ಪರಿಗ್ರಹತ್ಯಾಗಗಳ ಅರ್ಥವರಿಯದ ಶಿಶುವು ಸಲ್ಲೇಖನ ವ್ರತಿಯಾಗುವುದು ಹೇಗೆ? ವ್ರತವೆಂಬುದು ಸಂಕಲ್ಪ, ಸಂಕಲ್ಪವನ್ನು ಒಬ್ಬರ ಪರವಾಗಿ ಮತ್ತೊಬ್ಬರು ಮಾಡಲಾಗದು. ಇನ್ನು ದಾಖಲೆ ಪುಸ್ತಕಕ್ಕೂ ಸಮಾಧಿಮರಣಕ್ಕೂ ಏನು ಸಂಬಂಧವೋ ಊಹೆಗೆ ನಿಲುಕದು.

ಮುಪ್ಪಿನ ವಿಷಯ ಇನ್ನೂ ಸೂಕ್ಷ್ಮವಾದುದು. ಮಕ್ಕಳು ದೂರದ ಊರುಗಳಲ್ಲಿದ್ದು, ಮನೆಯಲ್ಲಿ ಒಂಟಿಯಾದ ವೃದ್ಧರು ತಾವು ಹೊರೆಯಾದೆವೆಂದು ಕೊರಗುತ್ತಿರುವಾಗ, ಅವರ ಬಾಯಿಂದ ಬರುವ ವೈರಾಗ್ಯದ ಮಾತಿನಲ್ಲಿ ಎಷ್ಟು ಪಾಲು ಬೇಸರ, ಎಷ್ಟು ಪಾಲು ಧರ್ಮ ಎಂಬುದನ್ನು ತೂಗಿ ನೋಡಬೇಕು. ಮರೆವಿನ ರೋಗವಿದ್ದವರಿಗೆ ವ್ರತ ಕೊಡಬಾರದು. ಆಸ್ತಿಯ ವ್ಯಾಜ್ಯವಿರುವ ಮನೆಯಲ್ಲಿ ಇಮ್ಮಡಿ ಎಚ್ಚರ ಬೇಕು. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆಯಿದ್ದರೆ ಪೂಜ್ಯಪಾದರ ವರ್ತಕನಂತೆ ಮೊದಲು ಮನೆಯ ಬೆಂಕಿಯನ್ನು ಆರಿಸಬೇಕು. ಜಾಹೀರಾತು, ಮೆರವಣಿಗೆ, ದರ್ಶನದ ನೂಕುನುಗ್ಗಲು ವ್ರತಿಯ ಮನಸ್ಸಿನಲ್ಲಿ ಕೀರ್ತಿಯ ನಿದಾನವನ್ನು ಬಿತ್ತುತ್ತವೆ. ಒಮ್ಮೆ ಊರಿಗೆಲ್ಲ ಸಾರಿದ ಮೇಲೆ ಹಿಂದೆ ಸರಿಯಬೇಕೆನಿಸಿದ ದುರ್ಬಲ ಜೀವಕ್ಕೆ ಬಾಗಿಲು ಮುಚ್ಚಿಹೋಗುತ್ತದೆ. ಸತೀಪದ್ಧತಿಯಲ್ಲಿ ಡೋಲು ತಮಟೆಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬ್ಯಾನರು, ಧ್ವನಿವರ್ಧಕಗಳು ಮಾಡುವಂತಾದರೆ ರಾಜಸ್ಥಾನದ ಅರ್ಜಿದಾರರ ಹೋಲಿಕೆಯನ್ನು ಜೈನರೇ ನಿಜಮಾಡಿಕೊಟ್ಟಂತಾಗುತ್ತದೆ.

ಕಾನೂನಿನ ಸ್ಥಿತಿಯನ್ನೂ ಬಸದಿಗಳ ಆಡಳಿತ ಮಂಡಳಿಗಳು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮಿಲ್ಲ. ಸರ್ಕಾರಿ ಅಧಿಕಾರಿಯನ್ನು ಮಣಿಸಲೆಂದು ಮಾಡುವ ಆತ್ಮಹತ್ಯೆಯ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಆದರೆ ಪ್ರಚೋದನೆಯ ಅಪರಾಧವು 108ನೆಯ ಕಲಮಾಗಿ ಮುಂದುವರಿದಿದೆ. ಆಪಾದನೆ ಬರುವುದಾದರೆ ಈಗ ಅದು ವ್ರತಿಯ ಮೇಲಲ್ಲ, ಸುತ್ತಲಿನವರ ಮೇಲೆ. ಯಾರು ಅನುಮತಿ ಕೊಟ್ಟರು, ವೈದ್ಯರು ಏನು ಹೇಳಿದರು, ವ್ರತಿಯು ಸ್ವಂತ ಮಾತಿನಲ್ಲಿ ಏನೆಂದು ಬೇಡಿಕೊಂಡನು, ಯಾವ ದಿನ ಯಾವ ಆಹಾರ ಬಿಟ್ಟನು, ಎಂದಾದರೂ ಮನಸ್ಸು ಬದಲಾಯಿತೇ ಎಂದು ಕೇಳಲಾಯಿತೇ, ಇವೆಲ್ಲ ಬರಹದಲ್ಲಿರುವುದು ಕ್ಷೇಮ. ತಿಥಿ, ಗುರು, ಗಣಗಚ್ಛ, ಸಾಕ್ಷಿ, ಉಪವಾಸದ ಅವಧಿ, ಇಷ್ಟನ್ನೂ ಚಂದ್ರಗಿರಿಯ ಹಿರಿಯರು ಕಲ್ಲಿನ ಮೇಲೆಯೇ ಬರೆದಿಟ್ಟಿದ್ದರೆಂಬುದನ್ನು ನೆನೆದರೆ ಇದು ಹೊಸ ಉಪದ್ರವವೆಂದು ಯಾರಿಗೂ ತೋರಲಾರದು.

ನಿರ್ಯಾಪಕಾಚಾರ್ಯರ ಮುಖ್ಯ ಕರ್ತವ್ಯ ಅನುಮತಿ ನೀಡುವುದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ನಿರಾಕರಿಸುವುದೂ ಅವರ ಕರ್ತವ್ಯವೇ. ಸಲ್ಲೇಖನದ ವಿಧಿಯನ್ನು ಬರೆದ ಸಮಂತಭದ್ರಾಚಾರ್ಯರನ್ನು ಕುರಿತೇ ದೇವಚಂದ್ರನ ರಾಜಾವಳಿ ಕಥೆಯಲ್ಲಿ ಒಂದು ಐತಿಹ್ಯವಿದೆ. ಎಷ್ಟು ತಿಂದರೂ ಹಿಂಗದ ಹಸಿವಿನ ಭಸ್ಮಕ ರೋಗ ಅವರಿಗೆ ತಗುಲಿತು. ಮುನಿಧರ್ಮದಲ್ಲಿದ್ದು ಅದನ್ನು ಶಮನಗೊಳಿಸುವುದು ಅಸಾಧ್ಯವಾದಾಗ ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಬಹಳವಿದೆಯೆಂದೂ, ಮುನಿದೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟಾದರೂ ರೋಗವನ್ನು ವಾಸಿಮಾಡಿಕೊಳ್ಳಬೇಕೆಂದೂ ಅಪ್ಪಣೆ ಮಾಡಿದರು. ಸಮಂತಭದ್ರರು ಹಾಗೆಯೇ ನಡೆದು, ಗುಣಹೊಂದಿ, ಮತ್ತೆ ದೀಕ್ಷೆ ಪಡೆದರು. ಭಸ್ಮಕವನ್ನೇ ಭಸ್ಮಮಾಡಿದವರೆಂಬ ಅವರ ಸ್ತುತಿಯು ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಬಂದಿದೆ. ಆ ಪ್ರಶಸ್ತಿಯು ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣದ ಸ್ಮಾರಕವಾಗಿ ಬರೆಸಿದ ಶಾಸನ.